ತಾತನನ್ನು ಯಾವ ಸಾಲಿನಲ್ಲಿ ಕೂರಿಸಲಿ?

ಭಾನುವಾರ, 17 ನವೆಂಬರ್ 2024
ಹಾಸ್ಟೆಲ್, ರಾತ್ರಿ ಹತ್ತೂವರೆ

ನಾಳೆ ಕಾಲೇಜಿನಲ್ಲಿ ನಮ್ಮ ಮನೆಯ ವಂಶಾವಳಿಯ ಚಾರ್ಟ್ ಕೊಡಬೇಕು. ತಾತನನ್ನು ಎಲ್ಲಿ ಕೂರಿಸಬೇಕು ಅಂತ ಇನ್ನೂ ಗೊತ್ತಾಗಿಲ್ಲ.

ಮೊದಲಿಂದ ಬರೆಯುತ್ತೇನೆ. ಬಿ.ಎ.ಗೆ ಸೇರುವಾಗ ಇತಿಹಾಸದ ಜೊತೆ ಮಾನವಶಾಸ್ತ್ರ ತೆಗೆದುಕೊಂಡೆ. ಆಸೆಪಟ್ಟು ಅಲ್ಲ, ಅರ್ಥಶಾಸ್ತ್ರದ ಲೆಕ್ಕಕ್ಕೆ ಹೆದರಿ. ದೀಪಾವಳಿಗೆ ಊರಿಗೆ ಹೋದಾಗ ಅದನ್ನು ನೆಂಟರಿಗೆ ವಿವರಿಸಿ ವಿವರಿಸಿ ಸಾಕಾಯಿತು. ಎಲ್ಲರಿಗೂ ಅದು ಮನಃಶಾಸ್ತ್ರ ಅಂತಲೇ ಕೇಳಿಸುತ್ತದೆ. ಚಿಕ್ಕಪ್ಪ "ಹಂಗಾದ್ರೆ ಹುಚ್ಚು ಬಿಡಿಸ್ತೀಯೇನವ್ವ?" ಅಂದರು. ಅಲ್ಲ ಚಿಕ್ಕಪ್ಪ, ಮನುಷ್ಯರ ಬಗ್ಗೆ ಓದೋದು ಅಂದೆ. "ಮನುಷ್ಯರ ಬಗ್ಗೆ ಓದೋಕೆ ಕಾಲೇಜು ಬೇಕಾ?" ಎಂದು ಎದ್ದು ಹೋದರು.

ಮೊದಲ ತರಗತಿಯಲ್ಲೇ ಮೇಡಂ ಬೋರ್ಡಿನ ಮೇಲೆ ನಾಲ್ಕು ಕೊಂಬೆಯ ಮರ ಬರೆದಿದ್ದರು. ದೇಹವನ್ನು ಓದುವ ಜೈವಿಕ ಮಾನವಶಾಸ್ತ್ರ, ಹಳೆಯ ಕಾಲದವರು ಬಿಟ್ಟುಹೋದ ವಸ್ತುಗಳನ್ನು ಓದುವ ಪುರಾತತ್ವ, ಭಾಷಾ ಮಾನವಶಾಸ್ತ್ರ, ಆಮೇಲೆ ಸಾಮಾಜಿಕ-ಸಾಂಸ್ಕೃತಿಕ ಮಾನವಶಾಸ್ತ್ರ. ಅಮೆರಿಕದಲ್ಲಿ ಫ್ರಾನ್ಜ್ ಬೋವಾಸ್ ಈ ನಾಲ್ಕನ್ನೂ ಒಂದೇ ಸೂರಿನಡಿ ಕಲಿಸಬೇಕೆಂದು ಹಟ ಹಿಡಿದವರಂತೆ. ನಾನು ಮರವನ್ನು ಚೆನ್ನಾಗಿ ಕಾಪಿ ಮಾಡಿಕೊಂಡೆ. ಪರೀಕ್ಷೆಗೆ ಇಷ್ಟು ಸಾಕು ಅಂದುಕೊಂಡಿದ್ದೆ.

ಪ್ರಾಕ್ಟಿಕಲ್‌ನಲ್ಲಿ ಮಾತ್ರ ಮಜಾ ಇತ್ತು. ಬಾಗಿದ ಎರಡು ಕಾಲಿನ ಕ್ಯಾಲಿಪರ್ ಹಿಡಿದು ಒಬ್ಬರ ತಲೆ ಇನ್ನೊಬ್ಬರು ಅಳೆಯುವುದು. ನನ್ನ ತಲೆ 18.4 ಸೆಂ.ಮೀ. ಉದ್ದ, 14.4 ಅಗಲ. ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ 78. ಅಂದರೆ 'ಮಧ್ಯಮ ತಲೆ'. ಮಾರ್ಕ್ಸ್ ಕಾರ್ಡಿನಲ್ಲೂ ಅದೇ ಕಥೆ. ನಾವು ನಗುತ್ತಿರುವಾಗ ಮೇಡಂ ರಿಸ್ಲಿ ಎಂಬ ಬ್ರಿಟಿಷ್ ಅಧಿಕಾರಿಯ ವಿಷಯ ತೆಗೆದರು. 1901ರ ಜನಗಣತಿಯ ಹೊತ್ತಿಗೆ ಅವನು ಇಂಥದೇ ಸಲಕರಣೆಗಳಿಂದ ಮೂಗು ಅಳೆಸಿ, ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಅಂತ ವಾದಿಸಿದ್ದನಂತೆ. ಕೈಯಲ್ಲಿದ್ದ ಕ್ಯಾಲಿಪರ್ ಇದ್ದಕ್ಕಿದ್ದಂತೆ ಭಾರ ಅನ್ನಿಸಿತು. ಅದೇ ಬೋವಾಸ್ ಅಮೆರಿಕಕ್ಕೆ ವಲಸೆ ಬಂದವರ ಮಕ್ಕಳ ತಲೆ ಅಳೆಸಿ, ಒಂದೇ ತಲೆಮಾರಿನಲ್ಲಿ ತಲೆಯ ಆಕಾರ ಬದಲಾಗುತ್ತದೆ ಎಂದು ತೋರಿಸಿದರು. ಅಳತೆಪಟ್ಟಿಯಿಂದಲೇ ಅಳತೆಯ ಜಂಬ ಇಳಿಸಿದ ಹಾಗೆ.

ಪುರಾತತ್ವದ ಪಾಠದಲ್ಲಿ ನನಗೆ ಇನ್ನೊಂದು ಥರದ ಮುಜುಗರ. ನಮ್ಮೂರು ಮೊಳಕಾಲ್ಮೂರು ಕಡೆ. ಬ್ರಹ್ಮಗಿರಿಗೆ ಶಾಲೆಯಿಂದ ಎರಡು ಸಲ ಕರೆದುಕೊಂಡು ಹೋಗಿದ್ದರು. ಎರಡು ಸಲವೂ ನಾನು ಚಿತ್ರಾನ್ನ ತಿಂದು ಬಂದಿದ್ದೆ. ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನ ಪತ್ತೆ ಮಾಡಿದ್ದು ಅಲ್ಲೇ. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಕೆಳಗಿನ ಪದರದಲ್ಲಿ ಕಲ್ಲಿನ ಕೊಡಲಿ, ಅದರ ಮೇಲೆ ದೊಡ್ಡ ಕಲ್ಲಿನ ಸಮಾಧಿ ಕಟ್ಟಿದವರ ಕಬ್ಬಿಣ, ಅದರ ಮೇಲೆ ಶಾತವಾಹನರ ಕಾಲದ ಮಡಕೆ ಸಿಕ್ಕಿದ್ದೂ ಅಲ್ಲೇ. ಮನೆ ಪಕ್ಕದ್ದನ್ನು ಪಠ್ಯಪುಸ್ತಕದಲ್ಲಿ ಓದಿ ತಿಳಿಯಬೇಕಾಯಿತು.

ಇರಲಿ, ಚಾರ್ಟಿಗೆ ಬರುತ್ತೇನೆ.

ರಜೆಗೆ ಕೊಟ್ಟ ಕೆಲಸ ಮನೆಯ ವಂಶಾವಳಿ ಬರೆಯುವುದು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಸಮ ಚಿಹ್ನೆ, ತೀರಿಕೊಂಡವರಿಗೆ ಅಡ್ಡ ಗೀಟು. ಒಂದು ತಲೆಮಾರಿನವರೆಲ್ಲ ಒಂದೇ ಸಾಲಿನಲ್ಲಿ ಇರಬೇಕು. ರಿವರ್ಸ್ ಎಂಬ ಇಂಗ್ಲಿಷ್ ವೈದ್ಯ 1898ರಲ್ಲಿ ಆಸ್ಟ್ರೇಲಿಯಾ ಹತ್ತಿರದ ಟಾರಸ್ ಜಲಸಂಧಿಯ ದ್ವೀಪಗಳಲ್ಲಿ ಜನರಿಂದ ಹೀಗೆ ವಂಶಾವಳಿ ಕೇಳಿ ಬರೆದುಕೊಂಡರು. ಆಮೇಲೆ ನೀಲಗಿರಿಯ ತೋಡರ ಹತ್ತಿರವೂ ಬಂದರು. ಮೇಡಂ ಹೇಳಿದ್ದು ಇಷ್ಟೇ: "ಹೆಸರು ಕೇಳಿ, ಏನಂತ ಕರೀತಾರೆ ಅಂತ ಕೇಳಿ, ನೀವು ಏನನ್ನೂ ಊಹಿಸಬೇಡಿ."

ಅಜ್ಜಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದರು. ನಾನೂ ಮೊರ ಎಳೆದುಕೊಂಡು ಕೂತೆ. ಅಜ್ಜಿ ಅಂದರೆ ಅಪ್ಪನ ಅಮ್ಮ. ನಿಮ್ಮ ಅತ್ತೆಯನ್ನು ಏನಂತ ಕರೀತಿದ್ರಿ ಅಂತ ಕೇಳಿದೆ.

"ಅತ್ತೆ ಯಾರು? ಅವಳು ನಮ್ಮಜ್ಜಿ ಕಣವ್ವ."

ತಾತ ಅಜ್ಜಿಗೆ ಸ್ವಂತ ಸೋದರಮಾವ. ಅಕ್ಕನ ಮಗಳನ್ನೇ ಮದುವೆಯಾಗಿದ್ದು. ನನಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು, ಆದರೆ ಕಾಗದದ ಮೇಲೆ ಬರೆದಿರಲಿಲ್ಲ. ಬರೆಯಲು ಹೋದರೆ ತಾತ ಅಜ್ಜಿಯ ತಾಯಿಯ ಸಾಲಿನಲ್ಲಿ ಕೂರುತ್ತಾರೆ, ಒಂದು ಮೆಟ್ಟಿಲು ಮೇಲೆ. ಗಂಡ ಅಂತ ಕೆಳಗಿಳಿಸಿದರೆ ಅವರ ಅಕ್ಕನಿಂದ ಬೇರೆಯಾಗುತ್ತಾರೆ. ನನ್ನ ಅಪ್ಪನಿಗಂತೂ ಒಬ್ಬಳೇ ಹೆಂಗಸು ಅತ್ತೆಯೂ ಹೌದು, ಅಜ್ಜಿಯೂ ಹೌದು. ಮರ ಅಂತ ಶುರು ಮಾಡಿದ್ದು ಬಳ್ಳಿಯಾಗಿ ಸುತ್ತಿಕೊಂಡಿತು.

ಅಲ್ಲಿಂದಾಚೆಗೆ ತರಗತಿಯಲ್ಲಿ ಕೇಳಿದ್ದ ಮಾರ್ಗನ್ ಕಥೆ ಅರ್ಥವಾಯಿತು. ಈ ಅಮೆರಿಕದ ವಕೀಲ ನ್ಯೂಯಾರ್ಕ್ ಕಡೆಯ ಸೆನೆಕಾ ಎಂಬ ಮೂಲನಿವಾಸಿ ಜನರ ನಂಟಿನ ಹೆಸರುಗಳನ್ನು ಬರೆದುಕೊಂಡಿದ್ದ. ಅಲ್ಲಿ ಅಪ್ಪನ ಅಣ್ಣತಮ್ಮಂದಿರೂ ಅಪ್ಪಂದಿರೇ, ಅಮ್ಮನ ಅಕ್ಕತಂಗಿಯರೂ ಅಮ್ಮಂದಿರೇ. ಪ್ರಪಂಚದ ಬೇರೆ ಬೇರೆ ಕಡೆ ಪ್ರಶ್ನೆಪಟ್ಟಿ ಕಳಿಸಿದರೆ ತಮಿಳು ನಾಡಿನಿಂದ ಹೆಚ್ಚುಕಡಿಮೆ ಅದೇ ಉತ್ತರ ಬಂತು! 1871ರಲ್ಲಿ ದಪ್ಪ ಪುಸ್ತಕ ಬರೆದು, ಅಮೆರಿಕದ ಮೂಲನಿವಾಸಿಗಳು ಏಷ್ಯಾದಿಂದ ಬಂದವರು ಅನ್ನುವುದಕ್ಕೆ ಇದೇ ಸಾಕ್ಷಿ ಎಂದ. ಆ ತರ್ಕ ನಿಲ್ಲಲಿಲ್ಲ. ಆದರೆ ಅವನು ಬೆರಗಾದದ್ದು ನಾವು ದಿನಾ ಆಡುವ ಮಾತಿಗೆ ಅಲ್ವಾ? ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ. ಅವರ ಮಕ್ಕಳು ಅಣ್ಣ, ತಂಗಿ. ಅಪ್ಪನ ಅಕ್ಕತಂಗಿಯರು ಮಾತ್ರ ಅತ್ತೆ, ಅಮ್ಮನ ಅಣ್ಣತಮ್ಮಂದಿರು ಮಾವ. ಗಂಡನ ಅಪ್ಪಅಮ್ಮನಿಗೂ ಅದೇ ಹೆಸರು. ಯಾರನ್ನು ಮದುವೆಯಾಗಬಹುದು ಅನ್ನುವುದು ಮಾತಿನೊಳಗೇ ಕೂತಿದೆ. ಇಂಗ್ಲಿಷಿನವರು ಎಲ್ಲರನ್ನೂ ಸುಮ್ನೆ ಕಸಿನ್ ಅಂದುಬಿಡುತ್ತಾರೆ.

ಅಷ್ಟರಲ್ಲಿ ಶೇಂಗಾ ವ್ಯಾಪಾರಿ ಬಂದ. ರಾಯದುರ್ಗದ ಕಡೆಯವನು, ತೆಲುಗು ಮಾತು. ಅಜ್ಜಿ ರೇಟು ಚೌಕಾಸಿ ಮಾಡುವಾಗ 'ಮೇಮು' ಅಂದರು, ಒಪ್ಪಂದ ಆದಮೇಲೆ 'ಮನಮು' ಅಂದರು. ತೆಲುಗಿನಲ್ಲಿ ಮೇಮು ಅಂದರೆ ನಿನ್ನನ್ನು ಬಿಟ್ಟು ನಾವು, ಮನಮು ಅಂದರೆ ನೀನೂ ಸೇರಿ ನಾವು. ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ 'ನಾವು'. ಭಾಷಾ ಮಾನವಶಾಸ್ತ್ರದ ಎರಡು ಗಂಟೆಯ ಪಾಠ ಅಜ್ಜಿ ಎರಡು ನಿಮಿಷದಲ್ಲಿ ಮುಗಿಸಿದರು, ಜೊತೆಗೆ ರೇಟೂ ಜಾಸ್ತಿ ಮಾಡಿಸಿಕೊಂಡರು.

ಮಕ್ಕಳ ಲೆಕ್ಕಕ್ಕೆ ಬಂದಾಗ ನಾನು ನಾಲ್ಕು ಬರೆದೆ. "ಆರು ಬರಿ," ಅಂದರು ಅಜ್ಜಿ. ಇಬ್ಬರು ತೊಟ್ಟಿಲಲ್ಲೇ ಹೋದವರು. ಒಂದಕ್ಕೆ ಹೆಸರೇ ಇಟ್ಟಿರಲಿಲ್ಲ. ನನ್ನ ತಲೆಯಲ್ಲಿ ತಕ್ಷಣ ತರಗತಿಯ ಅಂಕಿ ಓಡಿತು. ಸೋದರಮಾವನನ್ನು ಮದುವೆಯಾದರೆ ಹುಟ್ಟುವ ಮಗುವಿಗೆ ಒಂದೇ ಹಿರಿಯರಿಂದ ಬಂದ ಒಂದೇ ಜೀನ್ ಎರಡೂ ಕಡೆಯಿಂದ ಸಿಗುವ ಸಾಧ್ಯತೆ ಎಂಟರಲ್ಲಿ ಒಂದು. ಅತ್ತೆಮಗನಾದರೆ ಹದಿನಾರರಲ್ಲಿ ಒಂದು. ಆ ಲೆಕ್ಕವನ್ನು ಅಜ್ಜಿಯ ಮುಂದೆ ಇಡಲು ಬಾಯಿ ಬರಲಿಲ್ಲ. ಇಡಲೂಬಾರದಿತ್ತು. ಆಗ ಹೊರಗಿನ ಸಂಬಂಧ ಮಾಡಿಕೊಂಡವರ ಮನೆಯಲ್ಲೂ ಮಕ್ಕಳು ಹೋಗುತ್ತಿದ್ದವು. ಒಂದು ಮನೆ ನೋಡಿ ಕಾರಣ ಹೇಳಬೇಡಿ ಅಂತ ಮೇಡಂ ಹೇಳಿದ್ದು ಇದಕ್ಕೇ ಇರಬೇಕು. ಸಂಜೆ ಪಕ್ಕದ ಮನೆಯವರು ಬಂದು, ನಿಮ್ಮಮ್ಮನ ತಮ್ಮನಿಗೂ ಇನ್ನೂ ಹೆಣ್ಣು ಸಿಕ್ಕಿಲ್ಲ ಅಲ್ವಾ ಅಂತ ನನ್ನ ಕಡೆ ನೋಡಿ ನಕ್ಕರು. ಎಂಟರಲ್ಲಿ ಒಂದು ಅನ್ನುವುದನ್ನು ಅವರಿಗೆ ಮಾತ್ರ ಹೇಳಿದೆ. ಅವರಿಗೆ ಏನೂ ಅರ್ಥವಾಗಲಿಲ್ಲ.

ಚಾರ್ಟಿನ ಫೋಟೋ ತೆಗೆದಿಟ್ಟಿದ್ದೇನೆ. ಮೈಸೂರಿನವರೇ ಆದ ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳ್ಳಿಯೊಂದರಲ್ಲಿದ್ದು ಬರೆದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಕೂತು ವಿಂಗಡಿಸಿದ್ದರು. ಅದರ ಪ್ರತಿಗಳೆಲ್ಲ 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕವು. ಅವರು ನೆನಪಿನಿಂದಲೇ ಪುಸ್ತಕ ಬರೆದರು. ನನ್ನ ಕೈಲಿ ಅದೆಲ್ಲ ಆಗದು.

ಹನ್ನೊಂದೂಕಾಲು. ತೀರ್ಮಾನ ಮಾಡಿದೆ. ತಾತ ಮೇಲಿನ ಸಾಲಿನಲ್ಲೇ ಅಕ್ಕನ ಪಕ್ಕ ಇರಲಿ. ಮದುವೆಯ ಗೆರೆ ಓರೆಯಾಗಿ ಕೆಳಗಿಳಿದು ಅಜ್ಜಿಯನ್ನು ಮುಟ್ಟಲಿ. ಮಾರ್ಕ್ಸ್ ಕಡಿಮೆಯಾದರೆ ಆಗಲಿ. ಅಡ್ಡ ಗೀಟಿನದ್ದೇ ಸ್ವಲ್ಪ ಕಷ್ಟ. ಊರಲ್ಲಿ ಕರಡು ನೋಡಿ ಅಜ್ಜಿ, "ನಿಮ್ಮ ತಾತನ್ನ ಯಾಕೆ ಹೊಡೆದಾಕಿದ್ದೀಯ?" ಅಂದಿದ್ದರು. ಚಾರ್ಟ್ ವಾಪಸ್ ಸಿಕ್ಕಮೇಲೆ ಅವರಿಗೇ ಕೊಡಬೇಕಂತೆ, ಗೋಡೆಗೆ ಅಂಟಿಸುತ್ತಾರಂತೆ. ಉಳಿದದ್ದೆಲ್ಲ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೇನೆ. ತಾತನ ಗೀಟು, ಆ ಎರಡು ಮಕ್ಕಳ ಗೀಟು ಮಾತ್ರ ಪೆನ್ಸಿಲ್‌ನಲ್ಲಿ.