ಒಂದು ಇಂಚೂ ಮಳೆ ಬಾರದ ಊರಿನ ಮಂಜು

ನಮ್ಮ ಮನೆಯಲ್ಲಿ ಮಳೆಗೇ ಒಂದು ನೋಟ್‌ಬುಕ್ ಇದೆ. ಸೋಮವಾರಪೇಟೆ ಹತ್ತಿರದ ನಮ್ಮ ಪುಟ್ಟ ಕಾಫಿ ತೋಟದ ಅಂಗಳದಲ್ಲಿ ಅಪ್ಪ ರೇನ್ ಗೇಜ್ ಇಟ್ಟಿದ್ದಾರೆ. ಬೆಳಗ್ಗೆ ಎಂಟೂವರೆಗೆ ಹೋಗಿ ಅಳೆಯುತ್ತಾರೆ. "ಒಂದು ಇಂಚು ಇಪ್ಪತ್ತು ಸೆಂಟು" ಎಂದು ಬಾಯಲ್ಲಿ ಹೇಳಿಕೊಂಡೇ ಬರೆಯುತ್ತಾರೆ. ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ. ಕೊಡಗಿನಲ್ಲಿ ಇದೇನು ಹೊಸದಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟಾಯಿತು, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಬಂತಾ ಅಂತ ಕೇಳಿದ ಮೇಲೇ ನೆಂಟರು ಕ್ಷೇಮ ಸಮಾಚಾರಕ್ಕೆ ಬರುವುದು.

ಅಕ್ಕ, ಭಾವ ಇರುವುದು ಆಫ್ರಿಕಾದ ನಮೀಬಿಯಾದಲ್ಲಿ, ವಾಲ್ವಿಸ್ ಬೇ ಎಂಬ ಬಂದರು ಊರಿನಲ್ಲಿ. ಒಂದು ಅಕ್ಟೋಬರ್‌ನಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ತಲಕಾವೇರಿಯ ತೀರ್ಥೋದ್ಭವಕ್ಕೆ ಊರಲ್ಲಿ ಇರಲಿಲ್ಲವಲ್ಲ ಎಂಬ ಸಣ್ಣ ಬೇಸರ ಇತ್ತು. ತಲುಪಿದ ದಿನವೇ ಅಪ್ಪನ ಫೋನ್. "ಅಲ್ಲಿ ವರ್ಷಕ್ಕೆ ಎಷ್ಟು ಇಂಚು?"

"ಒಂದು ಇಂಚೂ ಇಲ್ಲ ಅಂತ ಹೇಳು ಮಾವನಿಗೆ" ಎಂದರು ಭಾವ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಭಾಗಮಂಡಲದ ಕಡೆ 200 ಇಂಚು ದಾಟಿದ ವರ್ಷಗಳನ್ನು ಕಂಡವರು ಅವರು. ಆಮೇಲೆ ಮೆಲ್ಲಗೆ, "ಹಾಗಾದರೆ ಅಲ್ಲಿ ಯಾವುದು ಬದುಕುತ್ತೆ?" ಎಂದು ಕೇಳಿದರು.

ಮರುದಿನ ಬೆಳಗ್ಗೆ ಬೆಳಕು ಹರಿಯುವ ಮೊದಲೇ ಹೊರಟೆವು. ಬಾಗಿಲು ತೆಗೆದರೆ ಎದುರಿನ ಮನೆ ಕಾಣಿಸುತ್ತಿಲ್ಲ. ದಟ್ಟ ಮಂಜು. ಕಾರಿನ ಗಾಜೆಲ್ಲ ಒದ್ದೆ, ಛಾವಣಿಯಿಂದ ತೊಟ್ಟು ತೊಟ್ಟು ನೀರು. ಒಂದು ಗಳಿಗೆ ಮಡಿಕೇರಿಯಲ್ಲೇ ಇದ್ದೇನೆ ಅನ್ನಿಸಿತು. ಆದರೆ ವಾಸನೆ ಬೇರೆ. ನಮ್ಮ ಮಂಜಿಗೆ ಎಲೆ, ಮಣ್ಣಿನ ವಾಸನೆ. ಇದಕ್ಕೆ ಉಪ್ಪು, ಮೀನಿನದು.

ದಾರಿಯಲ್ಲಿ ಭಾವ ವಿವರಿಸಿದರು. ಈ ಕರಾವಳಿಯ ಉದ್ದಕ್ಕೂ ದಕ್ಷಿಣದಿಂದ ಉತ್ತರಕ್ಕೆ ಬೆಂಗ್ವೆಲಾ ಎಂಬ ತಣ್ಣನೆಯ ಪ್ರವಾಹ ಹರಿಯುತ್ತದೆ. ಸಮುದ್ರದ ಮೇಲಿನ ತೇವದ ಗಾಳಿ ಅದಕ್ಕೆ ತಾಗಿ ಮಂಜಾಗುತ್ತದೆ, ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಗೆ ಹನಿ ಕೂರುವ ಹಾಗೆ. ತಣ್ಣಗಿನ ಗಾಳಿ ಮೇಲೇರುವುದಿಲ್ಲ, ಹಾಗಾಗಿ ಮಳೆಮೋಡ ಕಟ್ಟುವುದಿಲ್ಲ. ಮಳೆಯನ್ನು ತಡೆದು ಮರುಭೂಮಿ ಮಾಡಿದ್ದೂ ಆ ಸಮುದ್ರವೇ, ಆ ಮರುಭೂಮಿಗೆ ಮಂಜು ಕಳಿಸುವುದೂ ಅದೇ. ಮಂಜು 50 ಕಿ.ಮೀ.ಗೂ ಹೆಚ್ಚು ಒಳಕ್ಕೆ ಹೋಗುತ್ತದಂತೆ.

ಮರಳ ದಿಬ್ಬದ ಬುಡದಲ್ಲಿ ಕಾರು ನಿಲ್ಲಿಸಿ, ಸ್ಥಳೀಯ ಗೈಡ್ ಒಬ್ಬರ ಜೊತೆ ಹತ್ತಿದೆವು. ದಿಬ್ಬ ಅಂದರೆ ನಮ್ಮ ಕಡೆಯ ಗುಡ್ಡದಷ್ಟು ಎತ್ತರ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ತುದಿ ಸಿಕ್ಕಾಗ ಗೈಡ್ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಎರಡು ಮಾರು ದೂರದಲ್ಲಿ ಒಂದು ಕಪ್ಪು ದುಂಬಿ. ಗಾಳಿಗೆ ಎದುರಾಗಿ, ತಲೆ ಕೆಳಗೆ, ಬೆನ್ನು ಮೇಲೆ ಮಾಡಿ ನಿಂತಿತ್ತು. ಅಲುಗಾಡುತ್ತಿಲ್ಲ.

ಮಂಜು ಅದರ ಬೆನ್ನ ಮೇಲೆ ಕೂರುತ್ತದೆ. ಸಣ್ಣ ಹನಿಗಳು ಸೇರಿ ದೊಡ್ಡದಾಗುತ್ತವೆ. ದೊಡ್ಡ ಹನಿ ಬೆನ್ನಿನ ಮೇಲೆ ಜಾರಿ ನೇರ ಬಾಯಿಗೆ ಬರುತ್ತದೆ. ಮಂಜು ಬರುವ ಬೆಳಗು ಗೊತ್ತಾಗಿ, ಮರಳಿನ ಅಡಿಯಿಂದ ಎದ್ದು ತುದಿವರೆಗೆ ಹತ್ತಿ ಬಂದು ಹೀಗೆ ನಿಲ್ಲುತ್ತದೆ. ನಾನು ಅಲ್ಲೇ ಮಂಡಿಯೂರಿ ಕೂತೆ. ದುಂಬಿ ಅಂದರೆ ನಮ್ಮ ತೋಟದಲ್ಲಿ ಕಾಂಡಕೊರಕ, ಅರೇಬಿಕಾ ಗಿಡವನ್ನೇ ಒಣಗಿಸುವ ಶತ್ರು. ಈ ದುಂಬಿಯ ಮೇಲೆ ಮಾತ್ರ ಎಂಥ ಪ್ರೀತಿ ಬಂತೆಂದರೆ, ನನ್ನ ಉಸಿರು ತಾಗಿ ಆ ಹನಿ ಉದುರಿಬಿಟ್ಟರೆ ಎಂದು ಉಸಿರನ್ನೇ ಬಿಗಿಹಿಡಿದೆ. ಕೊನೆಗೂ ಹನಿ ಜಾರಿತು. ಅದು ಕುಡಿಯಿತು. ಅಪ್ಪನ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಹತ್ತು ಗಂಟೆ ಹೊತ್ತಿಗೆ ಮಂಜು ಹರಿಯಿತು. ಆಮೇಲೆ ಊರಿನ ದಕ್ಷಿಣಕ್ಕೆ, ಸ್ಯಾಂಡ್‌ವಿಚ್ ಹಾರ್ಬರ್ ಎಂಬ ಖಾರಿಯ ಕಡೆ ಹೋದೆವು. ಸಮುದ್ರ ಇಳಿದಿರುವ ಹೊತ್ತು ನೋಡಿಕೊಂಡೇ ಜೀಪು ಓಡಿಸಬೇಕು. ಎಡಕ್ಕೆ ಮರಳಿನ ಗೋಡೆ, ಬಲಕ್ಕೆ ಅಟ್ಲಾಂಟಿಕ್, ನಡುವೆ ಒಂದು ಗಾಡಿಗೆ ಆಗುವಷ್ಟೇ ಜಾಗ. ದಿಬ್ಬ ನೇರ ಹೋಗಿ ಅಲೆಗೆ ಇಳಿಯುತ್ತದೆ. ಅಷ್ಟು ಮರಳಿನ ಪಕ್ಕದಲ್ಲೇ ಅಷ್ಟು ನೀರು! ಅದರಲ್ಲಿ ಒಂದು ಗುಟುಕೂ ಕುಡಿಯುವಂತಿಲ್ಲ. ಇಲ್ಲಿನ ಮರಳುಗಾಡು 30 ಲಕ್ಷ ಹೆಕ್ಟೇರಿಗೂ ಜಾಸ್ತಿ, 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಆದರೆ ನನಗೆ ಜಾಸ್ತಿ ತಟ್ಟಿದ್ದು ಆ ಮರಳು ಬಂದ ದಾರಿ. ಅದರಲ್ಲಿ ಬಹುಪಾಲು ಆರೆಂಜ್ ನದಿ ತಂದದ್ದು. ದೂರದ ಲೆಸೊಥೊ ದೇಶದ ಬೆಟ್ಟಗಳಲ್ಲಿ ಹುಟ್ಟಿ, ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತದೆ. ಅದು ತಂದು ಹಾಕಿದ ಮರಳನ್ನು ಅಲೆಗಳು ಉತ್ತರಕ್ಕೆ ತಳ್ಳಿ ದಡಕ್ಕೆ ಹಾಕುತ್ತವೆ, ಗಾಳಿ ಒಳಕ್ಕೆ ಒಯ್ಯುತ್ತದೆ. ನಮ್ಮ ಕಾವೇರಿ ಪಶ್ಚಿಮದ ಬೆಟ್ಟದಲ್ಲಿ ಹುಟ್ಟಿ ಪೂರ್ವಕ್ಕೆ ಹೋಗುತ್ತಾಳೆ, ಅಲ್ವಾ? 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಜರಿದು ಕೆಂಪು ನೀರು ಹರಿದದ್ದು ನೆನಪಾಯಿತು. ಆ ಮಣ್ಣು ಈಗ ಎಲ್ಲೆಲ್ಲಿ ಕೂತಿದೆಯೋ.

ಮರಳಿನ ನಡುವೆ ಅಲ್ಲಲ್ಲಿ ಎಲೆಯೇ ಇಲ್ಲದ, ಬರೀ ಹಸಿರು ಮುಳ್ಳಿನ ಪೊದೆಗಳಿದ್ದವು. ಅದು ನಾರಾ. ಕಲ್ಲಂಗಡಿ, ಸೌತೆಕಾಯಿಯ ಬಳಗಕ್ಕೆ ಸೇರಿದ್ದು. ಬೇರು ತುಂಬ ಆಳಕ್ಕೆ, ನೆಲದಡಿಯ ನೀರಿನವರೆಗೂ ಇಳಿಯುತ್ತದೆ. ಇಲ್ಲಿನ ಟೋಪ್ನಾರ್ ಸಮುದಾಯದ ಜನ ತಲೆಮಾರುಗಳಿಂದ ಇದರ ಹಣ್ಣು, ಬೀಜ ತಿಂದು ಬಂದವರು. ಖಾರಿಯ ಅಂಚಿನಲ್ಲಿ ಜೊಂಡು ಕೂಡ ಕಂಡೆ. ದಿಬ್ಬಗಳ ಅಡಿಯಿಂದ ಅಲ್ಲಿ ಸಿಹಿನೀರು ಒಸರುತ್ತದಂತೆ. ನಮ್ಮ ಗದ್ದೆಯ ಬದಿಯ ಒರತೆ ಥರ. ಫ್ಲೆಮಿಂಗೊಗಳು ನೀರಲ್ಲಿ ಗುಲಾಬಿ ಗೆರೆ ಎಳೆದಂತೆ ನಿಂತಿದ್ದವು. ಅಕ್ಕ ಅವುಗಳ ಫೋಟೋ ತೆಗೆಯುತ್ತಿದ್ದಳು. ನಾನು ಮಾತ್ರ ಜೊಂಡನ್ನೇ ನೋಡುತ್ತಾ ನಿಂತೆ.

ಊರಿಗೆ ಬಂದು ದುಂಬಿಯ ಕಥೆ ಹೇಳಿದಾಗ ಅಪ್ಪ ಎರಡು ಸಲ ಹೇಳಿಸಿಕೊಂಡರು. ಡಿಸೆಂಬರ್ ಬಂತು. ಕಾಫಿ ಕೊಯ್ಲು ಶುರುವಾಗಿತ್ತು. ಒಂದು ಬೆಳಗ್ಗೆ ತೋಟದ ತುಂಬ ಮಂಜು. ಅಪ್ಪ ಹಿಂದಿನ ರಾತ್ರಿಯೇ ಹಳೆಯ ರೇನ್ ಗೇಜ್ ಒಂದನ್ನು ಹುಡುಕಿ ತಂದು ಸಿಲ್ವರ್ ಮರದ ಅಡಿ ಇಟ್ಟಿದ್ದರು. ಎಂಟೂವರೆಗೆ ಇಬ್ಬರೂ ಹೋದೆವು. ಅಂಗಳದ್ದರಲ್ಲಿ ಏನೂ ಇಲ್ಲ. ಮರದ ಅಡಿಯದ್ದರಲ್ಲಿ ಎಲೆಗಳಿಂದ ತೊಟ್ಟಿಕ್ಕಿದ ನೀರು, ಮೂರು ಸೆಂಟು.

ಮಳೆಯ ಕಾಲಂನಲ್ಲಿ ಸೊನ್ನೆ ಬರೆದು, ಪಕ್ಕದ ಅಂಚಿನಲ್ಲಿ ಪೆನ್ಸಿಲ್‌ನಿಂದ "ಮಂಜು 3" ಎಂದು ಬರೆದರು. ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿ, ಆ ದುಂಬಿಯ ಊರಲ್ಲಿ ಇವತ್ತು ಮಂಜು ಬಿತ್ತಾ ಎಂದು ಕೇಳಿದರು.