ಮಾಲೆಯ ಗಡಿಗೆ ಬಂದ ಪುಕ್ಕಟೆ ಕಂಪ್ಯೂಟರು

ಗಡಿ ಅಂದ ಕೂಡಲೇ ನಮಗೆ ಬೇಲಿ, ಬಂದೂಕು ಹಿಡಿದ ಜವಾನರು ನೆನಪಾಗುತ್ತಾರೆ, ಅಲ್ವಾ? ನಾನಿರುವ ಮಾಲ್ದೀವ್ಸ್‌ನಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಸುಮಾರು 1,200 ದ್ವೀಪ, ಸುತ್ತ ಬರೀ ಸಮುದ್ರ. ಹೊರಗಿನಿಂದ ಬರುವವರು ಹೆಚ್ಚುಪಾಲು ಇಳಿಯುವುದು ರಾಜಧಾನಿ ಮಾಲೆ ಪಕ್ಕದ ವೆಲಾನಾ ವಿಮಾನ ನಿಲ್ದಾಣದಲ್ಲಿ. ಅಲ್ಲಿನ ಇಮಿಗ್ರೇಶನ್ ಕೌಂಟರುಗಳೇ ಈ ದೇಶದ ಗಡಿ.

ಆ ಕೌಂಟರುಗಳ ಮೇಲೆ ಬೀಳುವ ಭಾರ ನೋಡಿ. 2024ರಲ್ಲಿ ಬಂದ ಪ್ರವಾಸಿಗರೇ 20 ಲಕ್ಷ ದಾಟಿದರು. 2022ರ ಜನಗಣತಿಯ ಪ್ರಕಾರ ಇಲ್ಲಿ ವಾಸವಿರುವವರು 5.15 ಲಕ್ಷ. ಅವರಲ್ಲಿ 1.32 ಲಕ್ಷ ಜನ ನನ್ನಂಥ ಹೊರಗಿನವರು. ಇಷ್ಟು ಸಣ್ಣ ದೇಶ ಇಷ್ಟೊಂದು ಪಾಸ್‌ಪೋರ್ಟುಗಳ ಲೆಕ್ಕ ಇಡುವುದು ಸುಲಭವಲ್ಲ. ಅದಕ್ಕೇ ಹೊರಗಿನ ಕೈ ಬೇಕಾಯಿತು.

2010ರಲ್ಲಿ ಮಲೇಷ್ಯಾದ ನೆಕ್ಸ್‌ಬಿಸ್ ಕಂಪನಿ ಜೊತೆ ಒಪ್ಪಂದವಾಯಿತು. ಕಂಪನಿಯೇ ಹಣ ಹಾಕಿ ಗಡಿಯ ಕಂಪ್ಯೂಟರ್ ವ್ಯವಸ್ಥೆ ಕಟ್ಟಬೇಕು. ಆಮೇಲೆ 20 ವರ್ಷ ಪ್ರತಿ ಪ್ರಯಾಣಿಕನ ಲೆಕ್ಕದಲ್ಲಿ 2 ಡಾಲರ್, ಪ್ರತಿ ವರ್ಕ್ ಪರ್ಮಿಟ್ ಕಾರ್ಡಿಗೆ 15 ಡಾಲರ್ ಅದಕ್ಕೆ ಹೋಗಬೇಕು. ಇಲ್ಲಿನ ಭ್ರಷ್ಟಾಚಾರ ವಿರೋಧಿ ಆಯೋಗ ತಕರಾರು ತೆಗೆಯಿತು. ವಿಷಯ ಕೋರ್ಟಿಗೂ ಸಂಸತ್ತಿಗೂ ಹೋಯಿತು. 2013ರ ಆಗಸ್ಟ್‌ನಲ್ಲಿ ಸರ್ಕಾರ ಒಪ್ಪಂದ ರದ್ದು ಮಾಡಿತು. ಅದರ ಜಾಗಕ್ಕೆ ಅಮೆರಿಕದ ಪಿಸೆಸ್ ವ್ಯವಸ್ಥೆ ಬಂತು, ಅದೂ ಪುಕ್ಕಟೆಯಾಗಿ.

ಪ್ರಯಾಣಿಕನ ವಿವರಗಳನ್ನು ಕಣ್ಗಾವಲು ಪಟ್ಟಿಯ ಜೊತೆ ಹೋಲಿಸಿ ನೋಡುವುದು ಪಿಸೆಸ್‌ನ ಮುಖ್ಯ ಕೆಲಸ. ಭಯೋತ್ಪಾದಕರ ಓಡಾಟ ತಡೆಯುವುದಕ್ಕೆ ಅಮೆರಿಕದ ವಿದೇಶಾಂಗ ಇಲಾಖೆ ಇದನ್ನು ಹಲವು ದೇಶಗಳಿಗೆ ಕೊಟ್ಟಿದೆ. ಮಾಲ್ದೀವ್ಸ್ ಅದನ್ನು ತೆಗೆದುಕೊಂಡದ್ದು ತಪ್ಪು ಅಂತ ನಾನು ಹೇಳಲಾರೆ. 20 ವರ್ಷದ ಶುಲ್ಕ ತಪ್ಪಿತಲ್ಲ! ಆದರೆ ಕೊಟ್ಟವರಿಗೆ ಬೇಕಿದ್ದದ್ದು ಒಳಗೆ ಬರುವವನು ಯಾರು ಅನ್ನುವ ಉತ್ತರ. ಬಂದವನು ಆಮೇಲೆ ಎಲ್ಲಿದ್ದಾನೆ, ಹೇಗಿದ್ದಾನೆ ಅನ್ನುವುದು ಈ ದೇಶದ ನಿಜವಾದ ಕಷ್ಟ. ಅದಕ್ಕೆ ಯಾರೂ ಹಾಗೆ ಪುಕ್ಕಟೆ ಯಂತ್ರ ತಂದುಕೊಡಲಿಲ್ಲ.

ನಾನು ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಕೆಲಸಗಾರರ ವೀಸಾ ಕಾಗದಗಳು ನನ್ನ ಮೇಜಿನ ಮೇಲೂ ಹಾದು ಹೋಗುತ್ತವೆ. ಕಟ್ಟಡ ಕೆಲಸಕ್ಕೆ ಬರುವವರಲ್ಲಿ ಬಾಂಗ್ಲಾದೇಶದವರೇ ಜಾಸ್ತಿ. ಸಾಲ ಮಾಡಿ ಏಜೆಂಟನಿಗೆ ದುಡ್ಡು ಕಟ್ಟಿ ಬಂದಿರುತ್ತಾರೆ. ಕೌಂಟರಿನಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಹೊರಗೆ ಬಂದ ಮೇಲೆ ಎಷ್ಟೋ ಜನರ ಪಾಸ್‌ಪೋರ್ಟು ಮಾಲೀಕನ ಕಪಾಟು ಸೇರುತ್ತದೆ. ಕಾನೂನು ಇದನ್ನು ಒಪ್ಪುವುದಿಲ್ಲ, ಆದರೂ ನಡೆಯುತ್ತದೆ. ಮಾಲೀಕ ಪರ್ಮಿಟ್ಟಿನ ಶುಲ್ಕ ಕಟ್ಟದೆ ಬಿಟ್ಟರೆ ಕೆಲಸಗಾರ ತಾನೇನೂ ಮಾಡದೆ ಅಕ್ರಮ ವಾಸಿಯಾಗುತ್ತಾನೆ. ಆಮೇಲೆ ಸಂಬಳ ಕೇಳಲೂ ಹೆದರಿಕೆ, ಆಸ್ಪತ್ರೆಗೆ ಹೋಗಲೂ ಹೆದರಿಕೆ. ಅಂಥವರ ಮುಖ ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಂಪ್ಯೂಟರಿನಲ್ಲಿ ಅವನ ಹೆಸರಿನ ಮುಂದೆ ಅವಧಿ ಮುಗಿದಿದೆ ಅಂತ ಬರುತ್ತದೆ. ಮುಗಿಸಿದವರು ಯಾರು ಅಂತ ಬರುವುದಿಲ್ಲ.

2024ರಲ್ಲಿ ಸರ್ಕಾರ ಆಪರೇಷನ್ ಕುರಂಗಿ ಅಂತ ಶುರು ಮಾಡಿತು. ತಂಡಗಳು ದ್ವೀಪದಿಂದ ದ್ವೀಪಕ್ಕೆ ಹೋಗಿ ಹೊರಗಿನವರ ಬೆರಳಚ್ಚು, ಫೋಟೋ ತೆಗೆದುಕೊಂಡವು. ಯಾರು ಎಲ್ಲಿದ್ದಾರೆ ಅನ್ನುವ ಲೆಕ್ಕ ಬೇಕೇ ಬೇಕು. ಆದರೆ ಅದೇ ಲೆಕ್ಕದಲ್ಲಿ ಮಾಲೀಕ ಶುಲ್ಕ ಕಟ್ಟಿದ್ದಾನಾ, ಪಾಸ್‌ಪೋರ್ಟು ಯಾರ ಕೈಲಿದೆ ಅನ್ನುವುದೂ ಸೇರಬೇಕು ಅನ್ನುವುದು ನನ್ನ ಆಸೆ.

ನೆರವು ಕೊಡುವವರಿಗೇನೂ ಇಲ್ಲಿ ಬರವಿಲ್ಲ. ವೆಲಾನಾದ ಹೊಸ ರನ್‌ವೇಗೆ ಚೀನಾದ ಸಾಲ, 2025ರಲ್ಲಿ ತೆರೆದ ಹೊಸ ಟರ್ಮಿನಲ್‌ಗೆ ಕೊಲ್ಲಿ ದೇಶಗಳ ನಿಧಿಗಳ ಸಾಲ, ಉತ್ತರದ ಹನಿಮಾಧೂ ನಿಲ್ದಾಣಕ್ಕೆ ನಮ್ಮ ಭಾರತದ ಸಾಲ. ಮುಂದೆ ಯಾರಾದರೂ ಗಡಿ ವ್ಯವಸ್ಥೆಗೆ ಹಣ ಕೊಡುವುದಾದರೆ ಒಂದು ಪಾಲು ಕಾರ್ಮಿಕ ತಪಾಸಣೆಗೆ, ಬಂಗಾಳಿ ಮಾತಾಡಬಲ್ಲ ಸಿಬ್ಬಂದಿಗೆ ಹೋಗಲಿ.

ನಮ್ಮ ಕಡೆಯಿಂದ ಇಲ್ಲಿಗೆ ಕೆಲಸಕ್ಕೆ ಹೊರಟವರಿಗೂ ಎರಡು ಮಾತು. ಪ್ರವಾಸಕ್ಕೆ ಬರುವ ಭಾರತೀಯರು ಮೊದಲೇ ವೀಸಾ ಮಾಡಿಸಬೇಕಿಲ್ಲ, ಶುಲ್ಕವೂ ಇಲ್ಲ. ಹಾಗೆ ಬಂದು ಕೆಲಸ ಮಾಡುವ ಹಾಗಿಲ್ಲ. ಏಜೆಂಟ್ ಏನೇ ಹೇಳಲಿ, ಕೆಲಸದ ಅನುಮತಿ ಪತ್ರ ಕೈಗೆ ಬರದೆ ಬೆಂಗಳೂರಿನಲ್ಲಿ ವಿಮಾನ ಹತ್ತಬೇಡಿ. ಬಂದ ಮೇಲೆ ಪಾಸ್‌ಪೋರ್ಟಿನ ಪ್ರತಿಯನ್ನು ಮನೆಯವರಿಗೂ ಕಳಿಸಿಡಿ. ಮೂಲ ಪಾಸ್‌ಪೋರ್ಟು ಕೇಳಿದರೆ ಯಾಕೆ, ಎಷ್ಟು ದಿನಕ್ಕೆ ಅಂತ ಬರೆಸಿಕೊಳ್ಳಿ. ಅವರು ಕೇಳಿದ ಕೆಲಸ ಮುಗಿದ ದಿನವೇ ಪಾಸ್‌ಪೋರ್ಟು ವಾಪಸ್ ಕೇಳಿ.