ಸೌದೆ ಸೀಳುವ ಮಷೀನಿಗೆ ಎಷ್ಟು ಟನ್ ಬೇಕು?

ಮಂಡ್ಯ ಕಡೆ ಆಲೆಮನೆ ನಡೆಸುವವರು, ಬೀಗರೂಟಕ್ಕೆ ಅಡುಗೆ ಒಪ್ಪಿಕೊಳ್ಳುವವರು, ಸ್ವಂತ ವೆಲ್ಡಿಂಗ್ ಶೆಡ್ ಇರುವ ಹುಡುಗರು ಎಲ್ಲರೂ ಕೇಳುವ ಪ್ರಶ್ನೆ ಇದು: ಎಣ್ಣೆಯ ಒತ್ತಡದಿಂದ ತುಂಡನ್ನು ಬೆಣೆಗೆ ನೂಕಿ ಸೀಳುವ ಹೈಡ್ರಾಲಿಕ್ ಮಷೀನ್ ನಾವೇ ಕಟ್ಟಿಕೊಂಡರೆ ಎಷ್ಟು ಟನ್ನಿನ ಸಿಲಿಂಡರ್ ಹಾಕಬೇಕು?

ನನ್ನ ಉತ್ತರ ಹತ್ತು ಟನ್ನಿನ ಆಸುಪಾಸು. ನೀಲಗಿರಿ, ಸರ್ವೆ, ಬೇವು, ಹೊಂಗೆಯ ಹತ್ತಂಗುಲ ದಪ್ಪದ ತುಂಡುಗಳಿಗೆ ಅಷ್ಟು ಧಾರಾಳ. ಇಪ್ಪತ್ತು ಟನ್ ಹಾಕಿಸಿದರೆ ಬೀಮು, ಬೆಣೆ, ವೆಲ್ಡಿಂಗ್ ಎಲ್ಲವನ್ನೂ ಅದೇ ಲೆಕ್ಕದಲ್ಲಿ ಬಲಪಡಿಸಬೇಕು. ಅಲ್ಲಿಗೆ ಬರುವಷ್ಟರಲ್ಲಿ ದುಡ್ಡು ಮುಗಿದಿರುತ್ತದೆ.

ಲೆಕ್ಕ ಹೀಗಿದೆ. 100 ಮಿಮೀ ಬೋರಿನ (ಒಳವ್ಯಾಸದ) ಸಿಲಿಂಡರಿನ ಅಡ್ಡಕೊಯ್ತದ ವಿಸ್ತೀರ್ಣ 78.5 ಚದರ ಸೆಂಮೀ. 120 ಬಾರ್ ಒತ್ತಡ ಕೊಟ್ಟರೆ ಒಂಬತ್ತೂವರೆ ಟನ್ ನೂಕುತ್ತದೆ. ಬಲ ಒತ್ತಡದ್ದು, ವೇಗ ಎಣ್ಣೆಯದು. 1440 ಆರ್‌ಪಿಎಂ ಮೋಟರಿಗೆ ಸುತ್ತಿಗೆ 11 ಸಿಸಿ ಕೊಡುವ ಗೇರ್ ಪಂಪ್ ಜೋಡಿಸಿದರೆ ನಿಮಿಷಕ್ಕೆ ಸುಮಾರು 15.8 ಲೀಟರ್ ಬರುತ್ತದೆ. 120 ಬಾರಿನಲ್ಲಿ ಅದಕ್ಕೆ ಸುಮಾರು 5 ಎಚ್‌ಪಿ ಬೇಕು. 450 ಮಿಮೀ ಸ್ಟ್ರೋಕ್ (ಸಿಲಿಂಡರು ಚಾಚುವ ದೂರ) ಮುಂದೆ ಹೋಗಲು 13 ಸೆಕೆಂಡ್, ಸಿಲಿಂಡರಿನ ರಾಡು 50 ಮಿಮೀ ಇದ್ದರೆ ಹಿಂದೆ ಬರಲು 10 ಸೆಕೆಂಡ್. ಮನೆಯಲ್ಲಿ ಸಿಂಗಲ್ ಫೇಸ್ ಮಾತ್ರ ಇದ್ದರೆ 2 ಎಚ್‌ಪಿ ಮೋಟರಿಗೆ 4 ಸಿಸಿ ಪಂಪ್ ಹಾಕಿ. ಮುಂದೆ ಹೋಗಲು 37 ಸೆಕೆಂಡ್ ಹಿಡಿಯುತ್ತದೆ, ಆದರೆ ಬಲ ಅಷ್ಟೇ ಇರುತ್ತದೆ. ತೋಟದ ಪಂಪ್‌ಸೆಟ್ಟಿನ ಉಚಿತ ಕರೆಂಟಿಗೆ ಮಾತ್ರ ಇದನ್ನು ಜೋಡಿಸಬೇಡಿ. ಅದು ನೀರೆತ್ತಲು ಕೊಟ್ಟಿದ್ದು.

ಟ್ರ್ಯಾಕ್ಟರ್ ಹೈಡ್ರಾಲಿಕ್ ಸಾಲದೇ ಎಂದು ಹಲವರು ಕೇಳುತ್ತಾರೆ. ಟಿಪ್ಪಿಂಗ್ ಟ್ರೈಲರಿಗೆ ಎಳೆದಿರುವುದು ಒಂದೇ ಪೈಪು. ಟ್ರೈಲರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಸೌದೆ ಸಿಲಿಂಡರು ತಾನಾಗಿ ವಾಪಸ್ ಬರುವುದಿಲ್ಲ, ಎರಡನೇ ಪೈಪು ಬೇಕೇ ಬೇಕು. ಆ ಎರಡನೇ ಪೈಪಿನ ಕಪ್ಲಿಂಗ್ ಪೂರ್ತಿ ಕೂರದಿದ್ದರೆ ರಾಡಿನ ಕಡೆಯ ಎಣ್ಣೆಗೆ ದಾರಿ ಸಿಗದೆ 120 ಬಾರ್ ಅಲ್ಲಿ 160 ಆಗುತ್ತದೆ. ಸೀಲು ಹೋಗುವುದು ಬಹುತೇಕ ಹೀಗೆಯೇ. ಇನ್ನೊಂದು ಮಾತು: ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್ ಎಣ್ಣೆ ಮತ್ತು ಗೇರ್‌ಬಾಕ್ಸಿನ ಎಣ್ಣೆ ಒಂದೇ. ಗುಜರಿಯಿಂದ ತಂದ ಸಿಲಿಂಡರಿನ ಕೊಳೆ ನೇರವಾಗಿ ಗೇರಿಗೆ ಹೋಗುತ್ತದೆ.

ಈಗ ಬೀಮು. ನನ್ನ ಮಟ್ಟಿಗೆ ಮಷೀನ್ ನಿಲ್ಲುವುದೂ ಬೀಳುವುದೂ ಇಲ್ಲೇ. ಸಿಲಿಂಡರು ಬೀಮಿನ ಮೇಲೆ ಕೂತು ತುಂಡನ್ನು ಬೆಣೆಗೆ ಒತ್ತುವಾಗ ಬೀಮು ಬಿಲ್ಲಿನಂತೆ ಬಾಗಲು ನೋಡುತ್ತದೆ. ಸಿಲಿಂಡರಿನ ನಡುಗೆರೆ ಮೇಲೆ ಹೋದಷ್ಟೂ ಬಾಗುವ ಸೆಳೆತ ಹೆಚ್ಚು. 200 ಮಿಮೀ ಐ ಬೀಮ್ ತಗೊಂಡು, ನಡುಗೆರೆಯನ್ನು ಅದರ ಮೇಲ್ಮೈಯಿಂದ 100 ಮಿಮೀ ಒಳಗೇ ಇಟ್ಟರೆ ಒಂಬತ್ತೂವರೆ ಟನ್ನಿಗೆ ಬೀಮು ಜಗ್ಗುವುದಿಲ್ಲ. ಎರಡು ಸಿ ಚಾನಲ್ ಬೆನ್ನಿಗೆ ಬೆನ್ನು ಸೇರಿಸಿ ಅಲ್ಲೊಂದು ಇಲ್ಲೊಂದು ಟಾಕಾ ಹಾಕಿದರೆ ಅದು ಒಂದು ಬೀಮ್ ಆಗುವುದಿಲ್ಲ. ತಿರುಚಿಕೊಳ್ಳುತ್ತದೆ.

ಬೆಣೆಗೆ 25 ಮಿಮೀ ಎಂಎಸ್ (ಮೈಲ್ಡ್ ಸ್ಟೀಲ್, ಮಾಮೂಲಿ ಮೆದು ಉಕ್ಕು) ಪ್ಲೇಟು, 200 ಮಿಮೀ ಎತ್ತರ, ಮೂತಿಯ ಕೋನ ಸುಮಾರು 30 ಡಿಗ್ರಿ. ಬೆನ್ನಿಗೆ ಎರಡು ತ್ರಿಕೋನದ ಆಸರೆ ಪ್ಲೇಟು ಕಡ್ಡಾಯ. ಅವಿಲ್ಲದ ಬೆಣೆ ಬುಡದ ವೆಲ್ಡಿಂಗಿನಲ್ಲಿ ಬಾಯಿ ಬಿಡುತ್ತದೆ. ಲಾರಿಯ ಕಮಾನು ಪಟ್ಟಿಯನ್ನು ಅಲಗಾಗಿ ಹಚ್ಚುವ ಆಸೆ ಎಲ್ಲರಿಗೂ ಇದೆ. ಅದು ಹೆಚ್ಚು ಇಂಗಾಲದ ಉಕ್ಕು. ಬಿಸಿ ಮಾಡದೆ ಮಾಮೂಲಿ ವೆಲ್ಡಿಂಗ್ ರಾಡಿನಲ್ಲಿ ಹಚ್ಚಿದರೆ ವೆಲ್ಡಿಂಗಿನ ಪಕ್ಕದಲ್ಲೇ ಗಾಜಿನಂತೆ ಸೀಳುತ್ತದೆ. ಬಿಸಿ ಮಾಡಿ, ಒಣಗಿಸಿದ 7018 ರಾಡಿನಲ್ಲಿ ಹಚ್ಚಿ, ನಿಧಾನಕ್ಕೆ ಆರಲು ಬೂದಿಯಲ್ಲಿ ಮುಚ್ಚುವಷ್ಟು ತಾಳ್ಮೆ ಇದ್ದರೆ ಸರಿ. ಇಲ್ಲವಾದರೆ ಎಂಎಸ್ ಅಲಗೇ ಸಾಕು. ಸೌದೆ ಸೀಳಲು ಹರಿತ ಬೇಕಿಲ್ಲ.

ಟ್ಯಾಂಕು 50 ಲೀಟರ್, ಎಣ್ಣೆ 68 ಗ್ರೇಡಿನ ಹೈಡ್ರಾಲಿಕ್ ಎಣ್ಣೆ, ಹೀರುವ ಪೈಪು ಒಂದಂಗುಲ, ಒತ್ತಡದ ಪೈಪು ಅರ್ಧ ಅಂಗುಲದ ಎರಡು ತಂತಿ ಹೆಣಿಗೆಯದು. ವಾಪಸ್ ಪೈಪನ್ನು ಮುಕ್ಕಾಲು ಅಂಗುಲ ಮಾಡಿ, ಏಕೆಂದರೆ ಸಿಲಿಂಡರು ಹಿಂದೆ ಬರುವಾಗ ಪಂಪ್ ಕೊಡುವುದಕ್ಕಿಂತ ಹೆಚ್ಚು, ನಿಮಿಷಕ್ಕೆ 21 ಲೀಟರಿನಷ್ಟು ಎಣ್ಣೆ ಟ್ಯಾಂಕಿಗೆ ನುಗ್ಗುತ್ತದೆ. ಸಿಲಿಂಡರನ್ನು ಹಿಂದೆ ಮುಂದೆ ನಡೆಸುವ ವಾಲ್ವಿನ ಹಿಡಿ ಬಿಟ್ಟ ಕೂಡಲೇ ನಡುವಿಗೆ ಬಂದು ನಿಲ್ಲಬೇಕು. ಮುಂದೆ ಹೋಗುವ ಕಡೆ ಹಿಡಿ ಕಚ್ಚಿಕೊಂಡು ನಿಲ್ಲುವ ವಾಲ್ವು ಬೇಡವೇ ಬೇಡ. ಕೈ ಬೆಣೆಯ ಹತ್ತಿರ ಇರುವ ಹೊತ್ತಿಗೇ ಅದು ನೂಕುತ್ತಿರುತ್ತದೆ. ಸ್ಟ್ರೋಕಿನ ಕೊನೆಯಲ್ಲಿ ನೂಕುವ ಪ್ಲೇಟು ಬೆಣೆಗೆ 25 ಮಿಮೀ ದೂರದಲ್ಲೇ ನಿಲ್ಲುವಂತೆ ಅಳತೆ ಹಿಡಿಯಿರಿ.

ಪರೀಕ್ಷೆಗೆ ಅವಸರ ಬೇಡ. ಒತ್ತಡ ಮಿತಿ ಮೀರಿದರೆ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ರಿಲೀಫ್ ವಾಲ್ವು ಪೂರ್ತಿ ಸಡಿಲ ಮಾಡಿ, ಸೌದೆ ಇಡದೆ ಇಪ್ಪತ್ತು ಸಲ ಆಡಿಸಿ, ಗಾಳಿ ಹೋಗಲಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದರೆ ಹೀರುವ ಕಡೆ ಗಾಳಿ ಎಳೆಯುತ್ತಿದೆ ಎಂದರ್ಥ. ಆಮೇಲೆ ಸಿಲಿಂಡರನ್ನು ಕೊನೆ ಮುಟ್ಟಿಸಿ, ಗೇಜು ನೋಡುತ್ತಾ ಆ ವಾಲ್ವಿನ ಸ್ಕ್ರೂ ಬಿಗಿಸಿ ಒತ್ತಡವನ್ನು 40, 80, 120 ಬಾರ್ ಎಂದು ಏರಿಸಿ. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ, ಕೈ ಒಡ್ಡಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಕ್ಕೆ ಇಳಿಯುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಅದಕ್ಕೆ ತಕ್ಷಣ ಆಸ್ಪತ್ರೆ ಬೇಕು.

ಸೌದೆ ಇಡುವ ಮುಂಚೆ ಬೀಮಿನ ಉದ್ದಕ್ಕೂ ದಾರ ಬಿಗಿದು, ನಡುವಿನ ಅಂತರ ಗುರುತು ಮಾಡಿಕೊಳ್ಳಿ. ಮೊದಲು ಆರಂಗುಲದ ಹಸಿ ಸರ್ವೆ, ಆಮೇಲೆ ಹತ್ತಂಗುಲದ ನೀಲಗಿರಿ, ಕೊನೆಗೆ ಗಂಟಿರುವ ಹುಣಸೆ. ತೆಂಗಿನ ಮರ ಈ ಮಷೀನಿನ ಕೆಲಸವಲ್ಲ. ಅದರ ನಾರು ಸೀಳದೆ ಜಜ್ಜಿಹೋಗುತ್ತದೆ. ಹುಣಸೆಯ ಗಂಟಿಗೆ ಸಿಲಿಂಡರು ನಿಂತು ರಿಲೀಫ್ ವಾಲ್ವು ಕೂಗಿದರೆ ತುಂಡನ್ನು ತಿರುಗಿಸಿಡಿ, ವಾಲ್ವಿನ ಸ್ಕ್ರೂ ಮುಟ್ಟಬೇಡಿ.

ಐವತ್ತು ತುಂಡು ಆದ ಮೇಲೆ ಮತ್ತೆ ದಾರ ಹಿಡಿಯಿರಿ. ಅಂತರ ಬದಲಾಗಿದ್ದರೆ ಬೀಮು ಬಾಗಿದೆ ಎಂದರ್ಥ. ಬೆಣೆಯ ಬುಡಕ್ಕೆ ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು, ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಸುಣ್ಣದ ಮೇಲೆ ಒದ್ದೆ ಗೆರೆ ಮೂಡುತ್ತದೆ. ಗೆರೆ ಕಂಡರೆ ಅದರ ಮೇಲೇ ಇನ್ನೊಂದು ಪದರ ವೆಲ್ಡಿಂಗ್ ಎಳೆಯಬೇಡಿ. ಗ್ರೈಂಡರಿನಲ್ಲಿ ಬಿರುಕಿನ ತಳದವರೆಗೂ ಕೆತ್ತಿ ತೆಗೆದು, ಆಮೇಲೆ ಹೊಸದಾಗಿ ತುಂಬಿ.